ಉಳಿದ ಇಪ್ಪತ್ತೊಂಬತ್ತು ಪಾಲು

ವೆಸ್ಕಾಟ್ ಕೌಂಟಿ ನೂರಕ್ಕೆ ಎಪ್ಪತ್ತೊಂದು ಪಾಲು ತುಂಬಿದೆ ಎಂದು ಬರೆದವಳು ನಾನು. ಉಳಿದ ಇಪ್ಪತ್ತೊಂಬತ್ತು ಪಾಲು ಖಾಲಿ. ಆ ಖಾಲಿಯೊಳಗೆ ನನ್ನ ಗಂಡನ ಗೋರಿಯೂ ಇತ್ತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೆಪ ಹೇಳಿದಂತಾಗುತ್ತದೆ.

ನಮ್ಮ ನಗರದ ಸುತ್ತ ಏಳು ಕೌಂಟಿಗಳಿವೆ. ಯಾವುದು ಎಷ್ಟು ತುಂಬಿದೆ, ಯಾವುದರಲ್ಲಿ ಇನ್ನೂ ಮನೆ ಕಟ್ಟಲು ಜಾಗ ಉಳಿದಿದೆ ಎಂದು ಎರಡು ವರ್ಷಕ್ಕೊಮ್ಮೆ ಹೋಲಿಸಿ ಪಟ್ಟಿ ಮಾಡುವುದು ನಾನಿದ್ದ ಕಚೇರಿಯ ಕೆಲಸ. ಪಟ್ಟಿ ನನ್ನ ಮೇಜಿನದು. ನಕ್ಷೆಯಲ್ಲಿ ತುಂಬಿದ ಜಾಗಕ್ಕೆ ಬೂದು ಬಣ್ಣ, ಖಾಲಿಗೆ ಹಳದಿ. ಬಿಲ್ಡರುಗಳು ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ವೆಸ್ಕಾಟ್ ಎಲ್ಲಕ್ಕಿಂತ ಕೆಳಗಿತ್ತು.

ಜಮೀನಿನ ಮೇಲೆ ಕಟ್ಟಡ ಇದೆಯೋ ಇಲ್ಲವೋ ಎಂದು ತಿಳಿಯಲು ತೆರಿಗೆ ದಾಖಲೆ ನೋಡುತ್ತಿದ್ದೆ. ಕಟ್ಟಡದ ಬೆಲೆಯ ಜಾಗದಲ್ಲಿ ಸೊನ್ನೆ ಇದ್ದರೆ ಜಮೀನು ಖಾಲಿ. ಅಷ್ಟೇ ನಿಯಮ. ನಾನೇ ಬರೆದದ್ದು, ಒಂದೇ ಸಾಲು. ಏಳು ಕೌಂಟಿಗಳ ಲಕ್ಷಗಟ್ಟಲೆ ಜಮೀನು ಒಂದು ಮಧ್ಯಾಹ್ನದಲ್ಲಿ ಬಣ್ಣ ಬಳಿದುಕೊಂಡು ನಿಲ್ಲುತ್ತಿದ್ದವು.

ನನ್ನ ಅತ್ತೆ ಮೋಜೆಲ್ ಪೆಟಿಗ್ರೂ ವಾಸಿಸುವುದು ಟ್ರೇಲರ್ ಮನೆಯಲ್ಲಿ. ಅದರ ಗಾಲಿ ಕಳಚಿ ಮೂವತ್ತು ವರ್ಷವಾಯಿತು. ಸಿಮೆಂಟ್ ಇಟ್ಟಿಗೆಯ ಮೇಲೆ ಕೂತಿದೆ. ಮುಂದೆ ಜಗುಲಿ ಇದೆ, ಹಿಂದೆ ಕೋಳಿಗೂಡಿದೆ. ಆದರೂ ಕಾಗದದ ಮೇಲೆ ಅದು ಇನ್ನೂ ವಾಹನವೇ. ಅದರ ತೆರಿಗೆ ಬೇರೆ ಪುಸ್ತಕದಲ್ಲಿ. ಕಾರಿಗೆ ಕೊಟ್ಟಂತೆ ಕೌಂಟಿಯವರು ಪ್ರತಿ ವಸಂತದಲ್ಲಿ ಅದಕ್ಕೊಂದು ಸ್ಟಿಕರ್ ಕಳಿಸುತ್ತಾರೆ. ರಸ್ತೆಗೆ ಕಾಣುವ ಕಿಟಕಿಯ ಮೇಲೆ ಹಚ್ಚದಿದ್ದರೆ ದಂಡ. ಅತ್ತೆಯ ಕೈಗೆ ಆ ಕಿಟಕಿ ಎಟುಕುವುದಿಲ್ಲ. ಏಣಿ ಹಾಕಿ ಹಚ್ಚುತ್ತಿದ್ದವನು ನನ್ನ ಗಂಡ ಡೆಲ್ಮಾರ್.

ಅತ್ತೆಯ ಮನೆಯಿರುವ ಪೆಟಿಗ್ರೂ ತಗ್ಗಿನಲ್ಲಿ ಅಂಥ ಮನೆಗಳು ಒಂಬತ್ತು. ಗುಲಾಮಗಿರಿ ತಪ್ಪಿದ ಮೇಲೆ ನಮ್ಮ ಕರಿಯ ಜನ ಸ್ವಂತ ದುಡಿಮೆಯಿಂದ ಕೊಂಡ ನೆಲ ಅದು. ಕೆರೆಕೋಡಿಯಂಥ ಜಾಗ, ಬೇರೆಯವರಿಗೆ ಬೇಡವಾದದ್ದು. ಐದು ತಲೆಮಾರಿನ ಹೆಣಗಳು ಅಲ್ಲೇ ಮೇಲಿನ ದಿಬ್ಬದಲ್ಲಿವೆ. ಸುತ್ತ ಎಲ್ಲ ಕಡೆ ನಕ್ಷೆ ಬೂದಾಗಿತ್ತು. ತಗ್ಗೊಂದು ಹಳದಿ.

ಹೋದ ಅಕ್ಟೋಬರಿನಲ್ಲಿ ಕರಡು ನಕ್ಷೆಯನ್ನು ಮನೆಗೆ ತಂದಿದ್ದೆ. ಡೆಲ್ಮಾರ್ ಊಟದ ಮೇಜಿನ ಮೇಲೆ ಅದನ್ನು ಹರಡಿದ. ತಗ್ಗಿನ ಪಕ್ಕದ ತೊರೆ ಹುಡುಕಿದ, ಬೆರಳಿನಿಂದ ತೊರೆಯ ಗುಂಟ ಬಂದ. ನಿಂತ.

"ಇದೇನೇ? ನಮ್ಮಮ್ಮನ ಮನೆ ಎಲ್ಲಿ?"

"ಟ್ರೇಲರ್ ದಾಖಲೆಗೆ ಬರಲ್ಲ. ಅದಕ್ಕೆ ಹಂಗೆ."

"ಅಂದ್ರೆ ಭಾನುವಾರ ಭಾನುವಾರ ಖಾಲಿ ಜಾಗದಲ್ಲಿ ಕೂತು ಜೋಳದ ರೊಟ್ಟಿ ತಿಂತಿದೀನಿ ನಾನು?" ನಕ್ಕ. ಬಾಯಿ ತುಂಬ ನಗುವವನು. "ಅಮ್ಮಂಗೆ ಹೇಳ್ಬೇಡ. ಪೊರಕೆ ತಗೊಂಡು ನಿಮ್ಮ ಆಫೀಸಿಗೆ ಬರ್ತಾಳೆ."

"ಕೊನೆಗೆ ಸ್ಥಳಕ್ಕೆ ಹೋಗಿ ನೋಡ್ಕೊಂಡು ಬರೋದು ಇರತ್ತೆ. ಅವಾಗ ಸರಿ ಮಾಡ್ತೀನಿ."

"ಮಾಡ್ತೀಯಾ?"

"ಮಾಡ್ತೀನಿ ಅಂದ್ನಲ್ಲ."

ಜನವರಿಯಲ್ಲಿ ಅವನು ಸತ್ತ.

ಅವನದು ಚರಂಡಿ ಪೈಪ್ ಹಾಕುವ ಕೆಲಸ. ಹೊಸ ಬಡಾವಣೆಗಳಿಗೆ ದೊಡ್ಡ ಪೈಪು ತಗ್ಗಿನ ಪಕ್ಕದಲ್ಲೇ ಹೋಗುತ್ತಿತ್ತು. ತಗ್ಗಿಗೆ ಅದರಿಂದ ಸಂಪರ್ಕ ಇರಲಿಲ್ಲ. ಹದಿನಾಲ್ಕು ಅಡಿ ಗುಂಡಿ. ಜಾರ್ಜಿಯಾದ ಕೆಂಪು ಜೇಡಿ ಒಣಗಿದ್ದಾಗ ಕಲ್ಲಿನಂತಿರುತ್ತದೆ, ಮಳೆ ಬಿದ್ದ ಮರುದಿನ ನಂಬಬಾರದು. ಹಿಂದಿನ ದಿನ ಮಳೆ ಬಿದ್ದಿತ್ತು. ಗುಂಡಿಯ ಗೋಡೆ ಕುಸಿಯದಂತೆ ಇಳಿಸುವ ಕಬ್ಬಿಣದ ಪೆಟ್ಟಿಗೆ ಮೇಲೆ ಲಾರಿಯಲ್ಲೇ ಇತ್ತು. ಇಳಿಸಲು ಕ್ರೇನಿಗೆ ಕಾಯಬೇಕಿತ್ತು. ಮೇಸ್ತ್ರಿ, "ಹತ್ತು ನಿಮಿಷದ ಕೆಲ್ಸ, ಇಳಿಯೋ" ಎಂದನಂತೆ. ಇಳಿದ. ಆರನೇ ನಿಮಿಷಕ್ಕೆ ಗೋಡೆ ಬಂತು.

ಮೇಲಿದ್ದವರು ಸಲಿಕೆ ಬಿಸಾಕಿ ಕೈಯಲ್ಲಿ ಬಗೆದರು. ನಾಲ್ಕು ಗಂಟೆ ಹಿಡಿಯಿತು. ಬಾಯಲ್ಲಿ ಮಣ್ಣಿತ್ತು.

ಶವ ತೊಳೆಯುವವರು ಎಷ್ಟು ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ. ಅತ್ತೆ ತಲೆಯಿಂದ ಪಿನ್ನು ತೆಗೆದರು. ಕುರ್ಚಿ ಎಳೆದುಕೊಂಡು ಕೂತು ಮಗನ ಒಂದೊಂದೇ ಬೆರಳು ಹಿಡಿದು ಪಿನ್ನಿನ ತುದಿಯಿಂದ ಮಣ್ಣು ತೆಗೆದರು. ಹತ್ತು ಬೆರಳು. ಮೂವತ್ತೊಂದು ವರ್ಷ ವೃದ್ಧಾಶ್ರಮದ ಚಾದರ ಒಗೆದ ಕೈಗಳು ಅವರವು, ಬ್ಲೀಚಿಗೆ ಚರ್ಮ ಸುಲಿದವು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಒಂದು ಬೆರಳನ್ನಾದರೂ ನಾನು ಹಿಡಿಯಬಹುದಿತ್ತು.

ಮಣ್ಣು ಮಾಡಿದ್ದು ತಗ್ಗಿನ ದಿಬ್ಬದಲ್ಲಿ. ಸತ್ತವರು ಕೊನೆಗೆ ಮುಟ್ಟಿದ ವಸ್ತುವನ್ನು ಗೋರಿಯ ಮೇಲಿಡುವುದು ಅಲ್ಲಿನ ರೂಢಿ. ಅತ್ತೆ ಅವನ ಕಾಫಿ ಫ್ಲಾಸ್ಕ್ ಇಟ್ಟರು.

ಎರಡು ವಾರ ಕಳೆದು ಕೆಲಸಕ್ಕೆ ಹೋದೆ. ಮೇಜಿನ ಮೇಲೆ ಸ್ಥಳ ಪರಿಶೀಲನೆಯ ಹಾಳೆ ಕಾಯುತ್ತಿತ್ತು. ಹಳದಿ ಜಾಗಗಳಿಗೆ ಖುದ್ದಾಗಿ ಹೋಗಿ ನೋಡಿದ್ದೇನೆ ಎಂದು ಬರೆದುಕೊಡಬೇಕು. ತಗ್ಗಿಗೆ ಹೋಗುವ ರಸ್ತೆ ಆ ಗುಂಡಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಕಾರು ತೆಗೆದೆ. ಪೆಟ್ರೋಲ್ ಬಂಕಿನವರೆಗೆ ಹೋದೆ. ವಾಪಸು ಬಂದೆ. "ನೋಡಲಾಗಿದೆ" ಎಂದು ಬರೆದೆ. ಸಹಿ ಹಾಕಿದೆ. ತಾರೀಖು ಹಾಕಿದೆ.

ದುಃಖದಲ್ಲಿದ್ದೆ ಎಂದು ಜನ ಹೇಳಬಹುದು. ದುಃಖವೂ ಇರಲಿಲ್ಲ ಆಗ. ಏನೂ ಇರಲಿಲ್ಲ. ಆದರೆ ಆ ಹಾಳೆಯಲ್ಲಿ ಏನು ಬರೆಯುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಮೇ ತಿಂಗಳ ಮೊದಲ ವಾರ ಅತ್ತೆಯ ಫೋನು ಬಂತು.

"ತಗ್ಗಿನ ಬಾಯಲ್ಲಿ ಯಾರೋ ಬೋರ್ಡ್ ನೆಟ್ಟವ್ರೆ ಮಗಳೇ. ಚರ್ಚಿನ ಡೀಕನ್ ಲೂಷಿಯಸ್ ಓದ್ದ. ಮೇಲೆ ಆರು ನೂರು ಮನೆ ಬರ್ತಾವಂತೆ. ಅವರ ಮಳೆನೀರು ನಿಲ್ಲೋಕೆ ಇಲ್ಲಿ ಕೊಳ ಮಾಡ್ತಾರಂತೆ."

"ಇಲ್ಲಿ ಅಂದ್ರೆ?"

"ಇಲ್ಲಿ ಅಂದ್ರೆ ಇಲ್ಲೇ. ನನ್ನ ಅಡಿಗೆಮನೆ ಮೇಲೆ. ದಿಬ್ಬದ ಮೇಲೆ. ನಮಗೆ ಒಂದು ಕಾಗದ ಇಲ್ಲ, ಪತ್ರ ಇಲ್ಲ. ಹಂಗೆಲ್ಲ ಮಾಡೋಕಾಗತ್ತಾ?"

ಆಗುತ್ತದೆ. ಇಂಥ ಕೆಲಸಕ್ಕೆ ಕೌಂಟಿ ಯಾರ ನೆಲವನ್ನಾದರೂ ಬೆಲೆ ಕಟ್ಟಿ ತೆಗೆದುಕೊಳ್ಳಬಹುದು. ಮನೆಗಳಿದ್ದರೆ ಮನೆಮನೆಗೂ ಕಾಗದ ಕಳಿಸಬೇಕು. ಖಾಲಿ ಜಾಗಕ್ಕೆ ರಸ್ತೆ ಬದಿಯ ಬೋರ್ಡು ಸಾಕು. ಅದು ವೆಸ್ಕಾಟಿನ ಕಾನೂನು.

"ಕೇಳಿಸ್ತಾ ವೆನೀಟಾ? ಹದಿನೆಂಟನೇ ತಾರೀಕು ಕೌಂಟಿ ಮೀಟಿಂಗು. ನೀನು ಬಾ. ಓದಿದೋಳು. ಅದೇ ಆಫೀಸಿನೋಳು. ಅವರ ಮ್ಯಾಪು ಗೀಪು ಎಲ್ಲ ನಿಂಗೆ ಅರ್ಥ ಆಗತ್ತೆ. ನಿನ್ನಂಥೋಳು ಒಬ್ಬಳು ಮನೇಲಿದ್ರೆ ನಮಗೇನು ಭಯ?"

"ಬರ್ತೀನಿ ಅಮ್ಮ" ಎಂದೆ. ಅಷ್ಟೇ ಎಂದೆ.

ಮರುದಿನ ನನ್ನ ಮೇಲಿನ ಅಧಿಕಾರಿ ಹಾಲಿಸ್ ಬ್ರಾಂಟ್ ಹತ್ತಿರ ಹೋದೆ. ಅಲ್ಲಿ ಮನೆಗಳಿವೆ ಎಂದೆ. ಎಷ್ಟು ಎಂದು ಕೇಳಿದ. ಒಂಬತ್ತು ಎಂದೆ. ಲೆಕ್ಕದ ಯಂತ್ರ ಒತ್ತಿ ನನ್ನ ಕಡೆ ತಿರುಗಿಸಿದ.

"ನೋಡು. ಎಪ್ಪತ್ತೊಂದು ಎಪ್ಪತ್ತೊಂದೇ. ಪಾಯಿಂಟ್ ಆದ್ಮೇಲೆ ಎರಡನೇ ಅಂಕಿ ಬದಲಾಗತ್ತೆ ಅಷ್ಟೇ. ಇಷ್ಟಕ್ಕೆ ಪಟ್ಟಿ ವಾಪಸ್ ತಗೊಂಡ್ರೆ ಏಳು ಕೌಂಟಿಯವರೂ ನಗ್ತಾರೆ."

"ಗೋರಿಗಳೂ ಇವೆ."

"ಮುಂದಿನ ಸಲಕ್ಕೆ ಅಡಿಟಿಪ್ಪಣಿ ಹಾಕೋಣ. ವೆನೀಟಾ, ನಿನ್ನ ಪರಿಸ್ಥಿತಿ ನಂಗೆ ಗೊತ್ತು. ಮನೆ ವಿಷಯ ಇಲ್ಲಿಗೆ ತರಬೇಡ. ಹದಿನೆಂಟಕ್ಕೆ ನನ್ ಜೊತೆ ಕೂರು. ಕೇಳಿದ್ರೆ ಸ್ಥಳ ಪರಿಶೀಲನೆ ಆಗಿದೆ ಅಂತ ಹೇಳು. ಆಗಿದೆ ತಾನೇ? ಸಹಿ ಇದೆಯಲ್ಲ."

"ಇದೆ" ಎಂದೆ.

ಹದಿನೆಂಟರ ಸಂಜೆ ಆರು ಗಂಟೆ. ಕೌಂಟಿ ಸಭಾಂಗಣದಲ್ಲಿ ನಾನು ಬ್ರಾಂಟ್ ಪಕ್ಕ ಕೂತೆ, ಅಧಿಕಾರಿಗಳ ಮೇಜಿನ ಹಿಂದೆ. ಗೋಡೆಯ ಮೇಲೆ ನನ್ನ ನಕ್ಷೆ ಎಂಟಡಿ ಎತ್ತರಕ್ಕೆ ಬಿದ್ದಿತ್ತು. ತಗ್ಗಿನವರು ಎರಡನೇ ಸಾಲಿನಲ್ಲಿದ್ದರು. ಅತ್ತೆ ಚರ್ಚಿನ ಬಿಳಿ ಉಡುಪಿನಲ್ಲಿ, ಹ್ಯಾಟು ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಪಕ್ಕದವಳಿಗೆ ಏನೋ ಹೇಳಿ ನನ್ನ ಕಡೆ ತೋರಿಸಿದರು. ಅವರ ತುಟಿ ಓದಿದೆ. ನನ್ನ ಸೊಸೆ.

ಅಧ್ಯಕ್ಷ ವಾರ್ಡ್‌ಲಾ ಹೆಸರು ಕರೆದ. ಅತ್ತೆ ಮೈಕಿನ ಮುಂದೆ ಹೋಗಿ ನಿಂತರು. ಮೈಕು ಎತ್ತರದಲ್ಲಿತ್ತು. ಯಾರೂ ಬಗ್ಗಿಸಲಿಲ್ಲ. ತಾವೇ ಬಗ್ಗಿಸಿಕೊಂಡರು.

"ಹೆಸರು, ವಿಳಾಸ ಹೇಳಿ ಅಮ್ಮ."

"ಮೋಜೆಲ್ ಪೆಟಿಗ್ರೂ. ನಂಬರ್ ನಾಲ್ಕು, ಪೆಟಿಗ್ರೂ ದಾರಿ."

ಗುಮಾಸ್ತೆ ಕೀಲಿ ಒತ್ತಿದಳು. ಮತ್ತೆ ಒತ್ತಿದಳು. "ಸರ್, ಈ ವಿಳಾಸದಲ್ಲಿ ಮನೆ ತೋರಿಸ್ತಿಲ್ಲ."

"ಇನ್ನೊಂದ್ಸಲ ನೋಡಿ."

"ನೋಡಿದೆ ಸರ್. ಖಾಲಿ ಜಾಗ."

ವಾರ್ಡ್‌ಲಾ ಕನ್ನಡಕ ತೆಗೆದ. ಸಿಟ್ಟಿನವನಲ್ಲ, ಸೌಮ್ಯವಾಗಿಯೇ ಮಾತಾಡಿದ. "ಅಮ್ಮ, ಈ ವಿಷಯದ ಮೇಲೆ ಕೌಂಟಿಯಲ್ಲಿ ವಾಸ ಇರೋರು ಮಾತ್ರ ಮಾತಾಡಬಹುದು. ದಾಖಲೆ ಪ್ರಕಾರ ನೀವು ಹೇಳಿದ ಕಡೆ ಯಾರೂ ವಾಸ ಇಲ್ಲ. ದಯವಿಟ್ಟು ಕೂತ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗೇಲಿಯೇನಲ್ಲ, ತಮಾಷೆಗೆ ನಕ್ಕದ್ದು. ಅದು ಇನ್ನೂ ಕೆಟ್ಟದು.

ಡೀಕನ್ ಲೂಷಿಯಸ್ ಎದ್ದ. ಎಪ್ಪತ್ತರ ಮುದುಕ, ಕೌಂಟಿಯ ಅರ್ಧ ರಸ್ತೆಗಳಿಗೆ ಡಾಂಬರು ಎಳೆದವನು, ಆ ಬಿಸಿಗೆ ಕಾಲು ಸುಟ್ಟುಕೊಂಡವನು. "ಹಂಗಾದ್ರೆ ನಾನು ದೆವ್ವ ಕಣಪ್ಪಾ! ನಿಮ್ಮ ರೋಡು ಹಾಕಿದ್ದೂ ದೆವ್ವಾನೇ. ಹುಷಾರಾಗಿ ಓಡಿಸ್ಕೊಂಡು ಹೋಗಿ ಮನೆಗೆ!"

"ಕೂತ್ಕೊಳ್ಳಿ ಸರ್, ಇಲ್ಲಾಂದ್ರೆ ಹೊರಗೆ ಕಳಿಸಬೇಕಾಗತ್ತೆ."

"ಎಲ್ಲಿಗೆ ಕಳಿಸ್ತೀರಿ? ಇರದೇ ಇರೋನ್ನ!"

ಅತ್ತೆ ಅವನ ಕಡೆ ಕೈ ಎತ್ತಿದರು. ಅವನು ಸುಮ್ಮನಾದ. ಅವರು ಕೈಚೀಲ ತೆರೆದರು. ಒಂದು ಲಕೋಟೆ ತೆಗೆದರು. ಒಳಗಿನಿಂದ ಅಂಗೈ ಅಗಲದ ಹಸಿರು ಸ್ಟಿಕರ್ ಎಳೆದರು. ಈ ವರ್ಷದ್ದು. ಹಿಂದಿನ ಕಾಗದವನ್ನೂ ಸುಲಿದಿರಲಿಲ್ಲ.

"ಇದು ನೀವು ಮಾರ್ಚಲ್ಲಿ ಕಳ್ಸಿದ್ದು. ಕೌಂಟಿ ಮುದ್ರೆ ಇದೆ ನೋಡಿ. ಹಚ್ಚದಿದ್ರೆ ದಂಡ ಅಂತ ಬರ್ದಿದೀರಿ. ಹಚ್ತಿದ್ದೋನು ನನ್ನ ಮಗ. ನಿಮ್ಮ ಪೈಪ್ ಗುಂಡೀಲಿ ಸತ್ತ. ಅದಕ್ಕೆ ಇನ್ನೂ ಚೀಲದಲ್ಲೇ ಇಟ್ಕೊಂಡಿದೀನಿ." ಸ್ಟಿಕರನ್ನು ನಕ್ಷೆಯ ಕಡೆ ಹಿಡಿದರು. "ಇದನ್ನ ಯಾವ ಖಾಲಿ ಜಾಗಕ್ಕೆ ಕಳಿಸಿದ್ರಿ ಸ್ವಾಮಿ? ತೆರಿಗೆ ಹೊತ್ತಿಗೆ ನಾನು ಇರ್ತೀನಿ. ಮಾತಾಡೋ ಹೊತ್ತಿಗೆ ಇರಲ್ವಾ?"

ಯಾರೂ ನಗಲಿಲ್ಲ.

ವಾರ್ಡ್‌ಲಾ ನಮ್ಮ ಮೇಜಿನ ಕಡೆ ತಿರುಗಿದ. "ಪಟ್ಟಿ ನಿಮ್ಮ ಕಚೇರೀದು. ಜಾಗ ನೋಡಿದಾರಾ ಯಾರಾದ್ರೂ?"

"ನೋಡಿದಾರೆ" ಎಂದ ಬ್ರಾಂಟ್. "ನಮ್ಮ ಅಧಿಕಾರಿ ಖುದ್ದಾಗಿ ಹೋಗಿದ್ರು. ಫೆಬ್ರವರಿಯಲ್ಲಿ. ಸಹಿ ಇದೆ." ಮೈಕನ್ನು ನನ್ನ ಮುಂದೆ ಸರಿಸಿದ. ಮೇಜಿನ ಕೆಳಗೆ ನನ್ನ ಮೊಣಕೈ ಮುಟ್ಟಿದ. "ಹೇಳಿಬಿಡು."

ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಇನ್ನೂ ಭರವಸೆ ಇತ್ತು. ಸೊಸೆ ಎದ್ದು ಈ ಜನರಿಗೆ ಬುದ್ಧಿ ಹೇಳುತ್ತಾಳೆ ಎಂದು ಕಾಯುತ್ತಿದ್ದರು.

ಎದ್ದೆ. ಮೈಕು ಎತ್ತರಿಸಿಕೊಂಡೆ.

"ನಾನು ಹೋಗಿಲ್ಲ" ಎಂದೆ.

"ಏನಂದ್ರಿ?"

"ನೋಡಿದೀನಿ ಅಂತ ಸಹಿ ಹಾಕಿದ್ದು ಸುಳ್ಳು. ನಾನು ಹೋಗಿಲ್ಲ. ಅಲ್ಲಿ ಒಂಬತ್ತು ಮನೆ ಇವೆ. ಹೋಗದೆಯೂ ನಂಗೆ ಗೊತ್ತಿತ್ತು. ನಂಬರ್ ನಾಲ್ಕರಲ್ಲಿ ನಾನು ಊಟ ಮಾಡಿದೀನಿ. ಅವರು ನನ್ನ ಅತ್ತೆ. ದಿಬ್ಬದ ಮೇಲೆ ನನ್ನ ಗಂಡನ್ನ ಹೂತಿದೀವಿ. ಅವನ್ನ ಹೂತು ಹದಿನೈದು ದಿನಕ್ಕೆ ಆ ಜಾಗ ಖಾಲಿ ಅಂತ ಬರೆದುಕೊಟ್ಟೆ."

ಬ್ರಾಂಟ್ ಮೈಕಿನ ಗುಂಡಿ ಒತ್ತಿ ಆರಿಸಿದ. ಆಗಬೇಕಾದದ್ದು ಆಗಿತ್ತು. ಆದರೂ ನಾನು ನಿಲ್ಲಿಸಲಿಲ್ಲ. ಮೈಕಿಲ್ಲದೆ ಕೂಗಿದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

"ನಿಮ್ಮ ಎಪ್ಪತ್ತೊಂದು ಪಾಲು ತುಂಬಿಸಿದ್ದು ಯಾರು? ಪೈಪು ಹಾಕಿದ್ದು ಯಾರು? ರೋಡು ಹಾಕಿದ್ದು ಯಾರು? ನಿಮ್ಮ ತಂದೆ ತಾಯಿ ಹೇತ ಚಾದರ ಒಗೆದಿದ್ದು ಯಾರು? ಅವರನ್ನೆಲ್ಲ ಉಳಿದ ಇಪ್ಪತ್ತೊಂಬತ್ತಕ್ಕೆ ಹಾಕಿದ್ದು ನಾನು. ಈ ಪಟ್ಟಿ ನಂಬಿ ಇವತ್ತು ಮತ ಹಾಕಬೇಡಿ. ನನ್ನ ಸಹಿ ವಾಪಸ್ ತಗೊಂಡಿದೀನಿ."

ಕೌಂಟಿಯ ವಕೀಲ ಅಧ್ಯಕ್ಷನ ಕಿವಿಯ ಹತ್ತಿರ ಬಗ್ಗಿದ. ಇಬ್ಬರೂ ಎರಡು ನಿಮಿಷ ಪಿಸುಗುಟ್ಟಿದರು. ಪರಿಶೀಲನೆ ಇಲ್ಲದ ಪಟ್ಟಿಯ ಮೇಲೆ ಮತ ಹಾಕಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ವಿಷಯ ಮುಂದಿನ ತಿಂಗಳಿಗೆ ಹೋಯಿತು. ಹೊಸದಾಗಿ ಎಣಿಸಬೇಕು. ಎಣಿಸುವವರು ಬೇರೆಯವರಾಗಿರಬೇಕು. ತಗ್ಗಿನವರು ತಮ್ಮ ಎಣಿಕೆ ಕೊಡುವುದಾದರೆ ಕೊಡಬಹುದು.

ಗೆದ್ದೆವು ಎಂದು ಯಾರೂ ಅನ್ನಲಿಲ್ಲ. ಗೆದ್ದಿರಲಿಲ್ಲ. ಒಂದು ತಿಂಗಳು ಸಿಕ್ಕಿತ್ತು.

ಹೊರಗೆ ಬ್ರಾಂಟ್ ನನ್ನ ಕೊರಳಿನ ಗುರುತಿನ ಚೀಟಿಗೆ ಕೈ ಚಾಚಿದ. ತೆಗೆದುಕೊಟ್ಟೆ. "ಎರಡನೇ ಅಂಕಿ ವೆನೀಟಾ" ಎಂದ. "ಪಾಯಿಂಟ್ ಆದ್ಮೇಲೆ ಎರಡನೇ ಅಂಕಿಗೋಸ್ಕರ."

ಅತ್ತೆ ಮೆಟ್ಟಿಲು ಇಳಿಯುತ್ತಿದ್ದರು. ಹತ್ತಿರ ಹೋದೆ. "ಅಮ್ಮ" ಎಂದೆ. ಅವರು ನಿಂತರು. ನನ್ನ ಕಡೆ ತಿರುಗಲಿಲ್ಲ.

"ಫೋನಲ್ಲಿ ಕೇಳ್ದಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಅವನಿಗೆ?"

"ಅವನು ನೋಡಿದ್ದ. ಸರಿ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೆ."

ಅವರು ಡೀಕನ್ ಲೂಷಿಯಸ್ ತೋಳು ಹಿಡಿದುಕೊಂಡು ಇಳಿದುಹೋದರು. ಲೂಷಿಯಸ್ ಒಮ್ಮೆ ತಿರುಗಿ ನೋಡಿದ.

ಒಂಬತ್ತು ದಿನ ಕಳೆದು ಫೋನು ಬಂತು. "ಶನಿವಾರ ಬೆಳಿಗ್ಗೆ ಬಾ. ಪೆನ್ನು ಕಾಗದ ತಗೊಂಡು ಬಾ." ಇಟ್ಟುಬಿಟ್ಟರು.

ಶನಿವಾರ ಆ ರಸ್ತೆಯಲ್ಲಿ ಹೋದೆ. ಗುಂಡಿ ಮುಚ್ಚಿದ್ದರು. ಮೇಲೆ ಹುಲ್ಲು ಬಿತ್ತಿದ್ದರು. ಹುಲ್ಲು ಬಂದಿತ್ತು.

ಏಣಿ ಕಿಟಕಿಗೆ ಒರಗಿ ನಿಂತಿತ್ತು. ಅತ್ತೆ ಸ್ಟಿಕರ್ ಕೈಗಿಟ್ಟರು. "ಹತ್ತು." ಹತ್ತಿದೆ. ಕೆಳಗಿನಿಂದ ಅವರು ಏಣಿ ಹಿಡಿದುಕೊಂಡರು. ಗಾಜಿನ ಮೇಲೆ ಹೋದ ವರ್ಷದ್ದು ಇತ್ತು, ಬಣ್ಣ ಮಾಸಿದ ಕಿತ್ತಳೆ. ಅದರ ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು, ಅಂಟಿಗೆ ಸಿಕ್ಕಿಕೊಂಡದ್ದು. ನಾನು ಅದನ್ನು ಸುಲಿಯಲಿಲ್ಲ. ಪಕ್ಕದಲ್ಲಿ ಹೊಸದು ಹಚ್ಚಿದೆ.

ಮನೆಮನೆಗೂ ಹೋದೆವು. ಅವರು ಹೇಳಿದರು, ನಾನು ಬರೆದೆ. ಒಂಬತ್ತು ಮನೆ, ಇಪ್ಪತ್ತಮೂರು ಜನ. ಒಬ್ಬಳು ನನ್ನ ಮುಖಕ್ಕೇ ಬಾಗಿಲು ಹಾಕಿದಳು. ಒಳಗಿನಿಂದಲೇ "ಮೂರು ಜನ, ಬರ್ಕೊಂಡು ಹೋಗು" ಎಂದಳು. ಡೀಕನ್ ಲೂಷಿಯಸ್, "ನನ್ನ ನಾಯೀನೂ ಬರ್ಕೋ, ಸ್ವಲ್ಪ ತುಂಬಿದ ಹಂಗೆ ಕಾಣ್ಲಿ" ಎಂದ. ಬರೆದೆ. ಆಮೇಲೆ ಹೊಡೆದುಹಾಕಿದೆ.

ಕೊನೆಗೆ ದಿಬ್ಬ ಹತ್ತಿದೆವು. ಹೆಸರಿಲ್ಲದ ಕಾಡುಗಲ್ಲುಗಳು, ಮಧ್ಯೆ ನೀಲಿ ಹೂವಿನ ಬಳ್ಳಿ, ಕೆಲವು ಕಡೆ ಕಪ್ಪೆಚಿಪ್ಪು. ಅತ್ತೆ ಒಂದೊಂದು ಕಲ್ಲಿನ ಮುಂದೆ ನಿಂತು ಹೆಸರು ಹೇಳಿದರು. ಇವಳು ಹೆರಿಗೇಲಿ ಹೋದೋಳು. ಇವನು ಗರಗಸದ ಗಿರಣೀಲಿ. ಇದು ಮಗು, ಹೆಸರಿಡೋಕೆ ಮುಂಚೆ. ಕಲ್ಲಿಲ್ಲದ ಕಡೆಯೂ ನಿಂತು ಹೇಳಿದರು. ಅರವತ್ತೆರಡು.

"ಅರವತ್ತಮೂರು" ಎಂದು ಡೆಲ್ಮಾರ್ ಮುಂದೆ ನಿಂತರು. ಫ್ಲಾಸ್ಕಿನ ಮೇಲೆ ಧೂಳಿತ್ತು. ಬರಿಗೈಯಿಂದ ಒರೆಸಿದರು.

ನನ್ನ ಹಾಳೆಯಲ್ಲಿ ಕೊನೆಯ ಅಂಕಣ ಉಳಿದಿತ್ತು. ಅದನ್ನು ಕೇಳದೆ ಬಿಡಬಹುದಿತ್ತು. ಇನ್ನೊಂದು ಅಂಕಣವನ್ನು ನೋಡದೆ ತುಂಬಲು ನನಗೆ ಧೈರ್ಯ ಬರಲಿಲ್ಲ.

"ಇಲ್ಲಿ ಖಾಲಿ ಏನಾದ್ರೂ ಇದೆಯಾ ಅಮ್ಮ?"

ಅವರು ಮಗನ ಗೋರಿಯ ಎರಡೂ ಬದಿ ನೋಡಿದರು.

"ಅವನ ಎಡಕ್ಕೆ ನಂದು" ಎಂದರು. "ಬಲಕ್ಕೆ ನಿಂಗೆ ಅಂತ ಇಟ್ಟಿದ್ದೆ."

ಇಳಿಯತೊಡಗಿದರು. ನಾನು ಬಲಕ್ಕಿದ್ದ ಹುಲ್ಲನ್ನು ನೋಡಿದೆ. ನಾಲ್ಕಡಿ ಅಗಲ, ಏಳಡಿ ಉದ್ದ.

ಅದೊಂದನ್ನು ಖಾಲಿ ಎಂದು ಬರೆದೆ. ನೋಡಿ ಬರೆದದ್ದು.